‘ಕಿರುಬ’ ಅಂದರೆ ನಿಮ್ಮೂರಲ್ಲಿ ಯಾವ ಪ್ರಾಣಿ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ಬಗ್ಗೆ ಕೇಳಬೇಕಿತ್ತು. ‘ಕಿರುಬ’. ನಮ್ಮ ಕಡೆ ಆಡುಮಾತಿನಲ್ಲಿ ಅದು ‘ಕಿರ್ಬ’ ಆಗುತ್ತದೆ. ಇದು ಚಿರತೆಯೋ, ಹೈನಾವೋ? ನಮ್ಮಜ್ಜಿಗೆ ಅದು ಚಿರತೆ. ನನ್ನ ಹತ್ತಿರ ಇರುವ ಚಿಕ್ಕ ನಿಘಂಟಿಗೆ ಅದು ಹೈನಾ. ಎರಡೂ ಬೇರೆ ಬೇರೆ ಪ್ರಾಣಿಗಳು. ಮುಖ, ನಡಿಗೆ, ಬೇಟೆ, ಯಾವುದರಲ್ಲೂ ಹೋಲಿಕೆ ಇಲ್ಲ. ಹಾಗಿದ್ದೂ ಒಂದೇ ಹೆಸರು ಎರಡಕ್ಕೂ ಹೇಗೆ ಅಂಟಿಕೊಂಡಿತು ಅನ್ನುವುದು ನನ್ನ ಪ್ರಶ್ನೆ.

ಇದು ಶುರುವಾದದ್ದು ಒಂದು ಕಾರ್ಟೂನಿನಿಂದ. ನಾವು ಮಧುಗಿರಿ ಕಡೆಯವರು, ಒಟ್ಟಿಗೆ ಓದಿದ ಐದಾರು ಜನ. ಒಬ್ಬ ಪಾವಗಡದವನು. ಒಬ್ಬಳು ಮದುವೆಯಾಗಿ ಚಿಂತಾಮಣಿಯಲ್ಲಿದ್ದಾಳೆ. ಉಳಿದವರು ತುಮಕೂರು, ಬೆಂಗಳೂರು ಅಂತ ಹಂಚಿಹೋಗಿದ್ದೇವೆ. ಹೋದ ಭಾನುವಾರ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಬ್ಬ ಮೋಗ್ಲಿಯ ಆರಂಭದ ಕಂತಿನ ಒಂದು ತುಣುಕು ಹಾಕಿದ. ಅಷ್ಟೇ, ಇಡೀ ದಿನ ಯಾರೂ ಬೇರೆ ಕೆಲಸ ಮಾಡಲಿಲ್ಲ.

ನಿಮ್ಮಲ್ಲಿ ಆ ವಯಸ್ಸಿನವರಿಗೆ ಹೇಳಬೇಕಾಗಿಲ್ಲ. ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ಬರುತ್ತಿತ್ತಲ್ಲ, ಅದೇ. ಅದು ಜಪಾನಿನವರು ಮಾಡಿದ್ದು ಅಂತ ಆಗ ನಮಗೆ ಗೊತ್ತೇ ಇರಲಿಲ್ಲ. ನಿಪ್ಪಾನ್ ಆನಿಮೇಷನ್ ಅನ್ನುವ ಕಂಪನಿ ಕಿಪ್ಲಿಂಗನ ‘ಜಂಗಲ್ ಬುಕ್’ ಇಟ್ಟುಕೊಂಡು 1989–90ರಲ್ಲಿ 52 ಕಂತು ಮಾಡಿತ್ತು. ನಮಗೆ ಬಂದದ್ದು ಹಿಂದಿಯಲ್ಲಿ. ಕಾಡು ನಮ್ಮ ದೇಶದ್ದು, ಮಧ್ಯಪ್ರದೇಶದ ಸಿವನಿ ಕಡೆಯದು. ಕಥೆ ಬರೆದವನು ಇಂಗ್ಲಿಷಿನವನು, ಚಿತ್ರ ಬರೆದವರು ಜಪಾನಿನವರು, ಮಾತು ಹಿಂದಿ. ಅದನ್ನು ನಮ್ಮೂರಿನ ನಡುಮನೆಯಲ್ಲಿ ಕನ್ನಡದಲ್ಲಿ ಹೇಳಿದವಳು ನಮ್ಮಜ್ಜಿ.

ನಮಗೆ ಹಿಂದಿ ಬರುತ್ತಿರಲಿಲ್ಲ. ಗುಲ್ಜಾರ್ ಬರೆದು ವಿಶಾಲ್ ಭಾರದ್ವಾಜ್ ರಾಗ ಹಾಕಿದ ಆ ಕಾರ್ಟೂನಿನ ಹಾಡಿನಲ್ಲಿ ನಮಗೆ ಸರಿಯಾಗಿ ಅರ್ಥವಾದ ಮಾತು ಒಂದೇ, ‘ಚಡ್ಡಿ’. ಅದು ನಮ್ಮಲ್ಲೂ ಚಡ್ಡಿಯೇ ಅಲ್ವಾ? ಆ ಒಂದು ಪದ ಬಂದಾಗ ಎಲ್ಲರೂ ಒಟ್ಟಿಗೆ ಕೂಗುತ್ತಿದ್ದೆವು. ಹುಲಿ ಶೇರ್ ಖಾನನಿಗೆ ನಾನಾ ಪಾಟೇಕರ್ ದನಿ. ಮಾತು ತಿಳಿಯದಿದ್ದರೂ ಆ ದನಿ ಕೇಳಿದರೆ ಸಾಕು, ನನ್ನ ತಮ್ಮ ಅಜ್ಜಿಯ ಸೆರಗಿನೊಳಗೆ ಸೇರಿಕೊಳ್ಳುತ್ತಿದ್ದ.

ಆ ಶುರುವಿನ ಕಂತುಗಳಲ್ಲಿ ಒಬ್ಬೊಬ್ಬರಿಗೆ ಒಂದೊಂದು ನೆನಪು ಉಳಿದಿದೆ. ಚಿಂತಾಮಣಿಯ ಗೆಳತಿಗೆ ತೋಳದ ಗವಿ. ಹೆಣ್ಣು ತೋಳ ಮನುಷ್ಯರ ಕೂಸನ್ನು ತನ್ನ ಮರಿಗಳ ಜೊತೆ ಮಲಗಿಸಿಕೊಂಡದ್ದು. ಅದನ್ನು ನೋಡಿ ತನ್ನ ಅಮ್ಮ ಕಣ್ಣೊರೆಸಿಕೊಂಡರು ಅಂತ ಬರೆದಳು. ನಮ್ಮೂರಿನಲ್ಲಿ ತೋಳ ಅಂದರೆ ಕುರಿಹಟ್ಟಿಗೆ ನುಗ್ಗುವ ಪ್ರಾಣಿ. ‘ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು’ ಅನ್ನುವುದು ನಮ್ಮ ಗಾದೆ. ಅಂಥ ತೋಳ ತಾಯಿಯಾಗಿ ಕಂಡದ್ದು ಅವರಿಗೆ ಆವತ್ತೇ ಮೊದಲಂತೆ. ಪಾವಗಡದವನಿಗೆ ನೆನಪಿರುವುದು ಶೇರ್ ಖಾನನ ಹಿಂದೆ ಸುತ್ತುವ ತಬಾಕಿ ನರಿ. ಹುಲಿ ತಿಂದು ಬಿಟ್ಟದ್ದನ್ನು ನೆಕ್ಕುವ ನರಿ ಅದು. ಕಿಪ್ಲಿಂಗ್ ಅದಕ್ಕೆ ‘ತಟ್ಟೆ ನೆಕ್ಕುವವ’ ಅಂತಲೇ ಅಡ್ಡಹೆಸರು ಇಟ್ಟಿದ್ದ. ನಾವು ಎಲೆ ಅಡಿಕೆ ಇಡುವ ತಟ್ಟೆಗೆ ‘ತಬಕು’ ಅನ್ನುತ್ತೇವಲ್ಲ, ಎರಡೂ ಒಂದೇ ಮೂಲದವು. ಇದು ತಿಳಿದ ಮೇಲೆ ನನಗೆ ಆ ನರಿಯ ಮೇಲೆ ಸ್ವಲ್ಪ ಪ್ರೀತಿ ಜಾಸ್ತಿಯಾಯಿತು.

ನನಗೆ ನೆನಪಿರುವುದು ಬಘೀರ. ಕಪ್ಪಗೆ, ಉದ್ದಕ್ಕೆ, ಕೊಂಬೆಯ ಮೇಲೆ ಮಲಗಿ ಬಾಲ ಇಳಿಬಿಟ್ಟಿದ್ದ ಬಘೀರ. ನಮ್ಮ ಮನೆಯದು ಕಪ್ಪು ಬಿಳುಪು ಟೀವಿ. ಅದರಲ್ಲಿ ಎಲ್ಲ ಪ್ರಾಣಿಗಳೂ ಬೂದಿ ಬಣ್ಣವೇ. ಬಘೀರ ಮಾತ್ರ ಗಟ್ಟಿ ಕಪ್ಪು. ಇದು ಯಾವ ಪ್ರಾಣಿ ಅಂತ ನಾವು ಕೇಳಿದೆವು. ಅಜ್ಜಿ ಹುರುಳಿ ಕೇರುತ್ತಾ ಕೂತಿದ್ದಳು. ಮೊರ ಕೆಳಗಿಟ್ಟು ಕಣ್ಣು ಕಿರಿದು ಮಾಡಿ ನೋಡಿದಳು. ಆಮೇಲೆ ಹೇಳಿದಳು: “ಕರೀ ಕಿರ್ಬ ಕಣ್ರಲಾ ಅದು. ಮರದ್ ಮ್ಯಾಗೆ ಹೆಂಗ್ ಬಿದ್ಕಂಡೈತೆ ನೋಡ್ರಿ.”

ಅವತ್ತಿನಿಂದ ನಮಗೆ ಬಘೀರ ‘ಕರೀ ಕಿರ್ಬ’. ಆಟದಲ್ಲೂ ಅದೇ ಹೆಸರು. ಯಾರು ಚೆನ್ನಾಗಿ ಮರ ಹತ್ತುತ್ತಾರೋ ಅವರೇ ಕರೀ ಕಿರ್ಬ.

ಈಗ ಮೂವತ್ತು ವರ್ಷದ ಮೇಲೆ ಗುಂಪಿನಲ್ಲಿ ನಾನು ಅದೇ ಹೆಸರು ಬರೆದೆ. ಬೆಂಗಳೂರಿನಲ್ಲಿರುವ ಗೆಳೆಯ ತಕ್ಷಣ ತಿದ್ದಿದ. “ಕಿರುಬ ಅಂದರೆ ಹೈನಾ. ಬಘೀರ ಚಿರತೆ. ಅಜ್ಜಿಗೆ ತಪ್ಪು ತಿಳಿದಿರಬೇಕು” ಅಂದ. ನಿಘಂಟು ತೆಗೆದೆ. ಅವನು ಹೇಳಿದ ಹಾಗೇ ಇತ್ತು. ನನಗೆ ಸಂಕಟವಾಯಿತು. ಅಜ್ಜಿ ಈಗಿಲ್ಲ. ಅವಳು ಓದಿದವಳಲ್ಲ. ಆದರೆ ಕುರಿ ಕಾಯ್ದವಳು, ಹಗಲೂ ರಾತ್ರಿ ಹೊಲದಲ್ಲಿದ್ದವಳು. ಯಾವ ಹೆಜ್ಜೆ ಯಾವುದರದು ಅಂತ ಮಣ್ಣು ನೋಡಿ ಹೇಳುತ್ತಿದ್ದವಳು. ಅಂಥವಳು ಚಿರತೆಗೆ ಹೈನಾ ಅಂದಾಳೆಯೇ? ಅದಕ್ಕೇ ಒಂದು ವಾರದಿಂದ ಇದರ ಹಿಂದೆ ಬಿದ್ದಿದ್ದೇನೆ. ಸಿಕ್ಕಿದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಅಜ್ಜಿಯ ಮಾತನ್ನೇ ಮತ್ತೆ ನೋಡಿ. ಅವಳು ಬಣ್ಣ ನೋಡಿ ಹೇಳಲಿಲ್ಲ, ಮಲಗಿದ ರೀತಿ ನೋಡಿ ಹೇಳಿದಳು. ಮರದ ಮೇಲೆ ಬಿದ್ದುಕೊಂಡಿದೆ, ಆದ್ದರಿಂದ ಕಿರುಬ. ಹೈನಾ ಮರ ಹತ್ತುವುದಿಲ್ಲ. ಅದರ ಮುಂಗಾಲು ಎತ್ತರ, ಹಿಂಗಾಲು ಗಿಡ್ಡ, ಬೆನ್ನು ಇಳಿಜಾರು. ಚಿರತೆಯಾದರೆ ಹೊಡೆದ ಬೇಟೆಯನ್ನು ಕಚ್ಚಿಕೊಂಡು ಕೊಂಬೆಗೆ ಏರಿಸುತ್ತದೆ. ಅಂದರೆ ಅಜ್ಜಿಯ ತಲೆಯಲ್ಲಿ ‘ಕಿರುಬ’ ಅನ್ನುವ ಪದದ ಜೊತೆ ಮರ ಹತ್ತುವ ಗುಣವೂ ಸೇರಿತ್ತು. ಅವಳಿಗೆ ಪ್ರಾಣಿ ತಪ್ಪಲಿಲ್ಲ. ಕರಿಚಿರತೆ ಬೇರೆ ಜಾತಿಯೂ ಅಲ್ಲ. ಚಿರತೆಯೇ ಕಪ್ಪಾಗಿ ಹುಟ್ಟಿರುತ್ತದೆ. ಬೆಳಕು ಸರಿಯಾಗಿ ಬಿದ್ದರೆ ಒಳಗಿನ ಚುಕ್ಕೆ ಕಾಣುತ್ತದೆ, ರೇಷ್ಮೆ ಸೀರೆ ಅಲುಗಿಸಿದಾಗ ಒಳನೇಯ್ಗೆ ಹೊಳೆದ ಹಾಗೆ. ಕಬಿನಿ ಕಡೆಯ ಕರಿಚಿರತೆಯ ಫೋಟೋ ನೋಡಿದವರಿಗೆ ಇದು ಗೊತ್ತು.

ಇನ್ನು ಹೈನಾಕ್ಕೆ ನಮ್ಮಜ್ಜಿ ಏನನ್ನುತ್ತಿದ್ದಳು? ‘ಕತ್ತೆಕಿರುಬ’. ಯಾವಾಗಲೂ ಕತ್ತೆ ಸೇರಿಸಿಯೇ ಹೇಳುತ್ತಿದ್ದಳು. ಇದೇ ನನಗೆ ದೊಡ್ಡ ಸುಳಿವು ಅನ್ನಿಸಿತು. ಕಿರುಬ ಅಂದರೇ ಹೈನಾ ಆಗಿದ್ದರೆ ಅದರ ಹಿಂದೆ ಕತ್ತೆ ಯಾಕೆ ಬೇಕಿತ್ತು? ಕಿರುಬ ಅಂತ ಬೇರೆ ಪ್ರಾಣಿ ಇತ್ತು. ಅದರಂತೆ ಮಾಂಸ ತಿನ್ನುವ, ಆದರೆ ಕತ್ತೆಯ ಹಾಗೆ ಜೂಲಿರುವ ಇನ್ನೊಂದು ಪ್ರಾಣಿಯೂ ಇತ್ತು. ಅದಕ್ಕೆ ಕತ್ತೆಕಿರುಬ ಅಂದರು. ತಮಿಳಿನಲ್ಲಿ ಹೈನಾಕ್ಕೆ ಏನಂತಾರೆ ಗೊತ್ತಾ? ‘ಕಳುದೈಪ್ಪುಲಿ’. ಕತ್ತೆಹುಲಿ ಅಂತ ಅರ್ಥ. ಅವರು ಹುಲಿ ಅಂದ ಜಾಗದಲ್ಲಿ ನಾವು ಕಿರುಬ ಅಂದಿದ್ದೇವೆ. ಹಾಗಾದರೆ ನಮ್ಮ ಕಿರುಬವೂ ಹುಲಿಯ ಮನೆತನದ್ದೇ ಆಗಿರಬೇಕಲ್ಲವೇ?

ಮುಂದಿನ ಸುಳಿವು ಕೊಟ್ಟವನು ಪಾವಗಡದ ಗೆಳೆಯ. ಅವರ ಮನೆಮಾತು ತೆಲುಗು. ಪಾವಗಡದ ಸುತ್ತ ಹೆಚ್ಚೂ ಕಡಿಮೆ ಎಲ್ಲ ಕಡೆಯೂ ಆಂಧ್ರವೇ. ಅವರಲ್ಲಿ ಚಿರತೆಗೆ ‘ಚಿರುತಪುಲಿ’ ಅನ್ನುತ್ತಾರೆ. ‘ಚಿರುತ’ ಅಂದರೆ ಚಿಕ್ಕದು. ಚಿಕ್ಕ ಹುಲಿ. ತಮಿಳಿನಲ್ಲಿ ‘ಸಿರುತ್ತೈ’, ಅಲ್ಲೂ ‘ಸಿರು’ ಅಂದರೆ ಚಿಕ್ಕದೇ. ಇದನ್ನು ಬರೆಯುತ್ತಿದ್ದ ಹಾಗೇ ಚಿಂತಾಮಣಿಯ ಗೆಳತಿ ಇನ್ನೊಂದು ಮಾತು ಸೇರಿಸಿದಳು. ಅವಳ ಅತ್ತೆ ಮನೆಯಲ್ಲೂ ತೆಲುಗು ಕನ್ನಡ ಎರಡೂ ನಡೆಯುತ್ತದೆ. “ನಾವು ಕಿರುನಗೆ ಅಂದರೆ ಅತ್ತೆ ಚಿರುನವ್ವು ಅಂತಾರೆ” ಅಂದಳು.

ನನಗೆ ಮೈ ಜುಮ್ಮೆಂದಿತು. ಕನ್ನಡದಲ್ಲಿ ‘ಕಿ’, ‘ಕೆ’ ಇರುವ ಎಷ್ಟೋ ಹಳೆಯ ಪದಗಳು ತೆಲುಗಿನಲ್ಲಿ ‘ಚ’ಕಾರಕ್ಕೆ ತಿರುಗಿವೆ. ನಮ್ಮ ಕಿವಿ ಅವರಿಗೆ ಚೆವಿ. ನಮ್ಮ ಕೆರೆ ಅವರಿಗೆ ಚೆರುವು. ನಮ್ಮ ಕಿರು ಅವರಿಗೆ ಚಿರು. ತಮಿಳಿನಲ್ಲೂ ಕಿವಿ ಸೆವಿಯಾಗಿದೆ. ಈ ಮೂರರಲ್ಲಿ ಕನ್ನಡ ಮಾತ್ರ ಹಳೆಯ ಕಕಾರವನ್ನು ಉಳಿಸಿಕೊಂಡಿದೆ. ಹಾಗಿದ್ದರೆ ಚಿರುತ, ಸಿರುತ್ತೈ ಅನ್ನುವ ಪ್ರಾಣಿಗೆ ಕನ್ನಡದ ಮನೆಯ ಹೆಸರು ‘ಕಿರು’ದಿಂದಲೇ ಶುರುವಾಗಬೇಕು. ಅದು ಇದೆ. ಅದೇ ಕಿರುಬ! ನಾವು ಈಗ ಶುದ್ಧ ಕನ್ನಡ ಅಂದುಕೊಂಡು ಬರೆಯುವ ‘ಚಿರತೆ’ಯಲ್ಲಿ ಚಕಾರ ಇದೆ. ಅದು ನೆರೆಮನೆಯಿಂದ ಬಂದ ಪದ ಅಂತ ಅದರ ಮುಖವೇ ಹೇಳುತ್ತದೆ.

ದೊಡ್ಡದಕ್ಕೆ ‘ಹೆಬ್ಬುಲಿ’ ಅನ್ನುತ್ತೇವೆ. ಹಿರಿದಾದ ಹುಲಿ. ಅದರ ಎದುರಿಗೆ ಚಿಕ್ಕದಕ್ಕೆ ಕಿರುಬ. ಜೋಡಿ ಎಷ್ಟು ಚೆನ್ನಾಗಿ ಕೂರುತ್ತದೆ ನೋಡಿ. ‘ಕಿರು’ ಮತ್ತು ‘ಪುಲಿ’ ಸೇರಿ ಸವೆದು ‘ಕಿರುಬ’ ಆಯಿತೇ ಅನ್ನುವುದು ನನ್ನ ಊಹೆ. ಕೊನೆಯ ‘ಬ’ದ ವಿಷಯದಲ್ಲಿ ನಿಮ್ಮಲ್ಲಿ ವ್ಯಾಕರಣ ಬಲ್ಲವರು ಹೇಳಬೇಕು. ‘ಲಿ’ ಬಿದ್ದುಹೋಗಿ ‘ಬ’ ಉಳಿಯುವುದು ಕನ್ನಡದಲ್ಲಿ ಬೇರೆಲ್ಲಾದರೂ ಆಗಿದೆಯೇ? ಅಥವಾ ಬಡವ, ಕಿರಿಯ ಅನ್ನುವಂತೆ ಇಲ್ಲೂ ಸುಮ್ನೆ ಒಂದು ಪ್ರತ್ಯಯ ಸೇರಿದೆಯೇ?

ಹಾಗಾದರೆ ಹೈನಾ ಅನ್ನುವ ಅರ್ಥ ಎಲ್ಲಿಂದ ಬಂತು? ನನಗೆ ಅನ್ನಿಸುವುದು ಹೀಗೆ. ಮಧುಗಿರಿ, ಪಾವಗಡ, ಶಿರಾ ಕಡೆ ಎರಡೂ ಪ್ರಾಣಿ ಇವೆ. ಬಂಡೆ, ಕುರುಚಲು ಕಾಡು, ಬಯಲು. ಎರಡೂ ಇರುವ ಕಡೆ ಎರಡು ಹೆಸರು ಬೇಕೇ ಬೇಕು. ಹಾಗಾಗಿ ಕಿರುಬ ಬೇರೆ, ಕತ್ತೆಕಿರುಬ ಬೇರೆ ಅಂತ ಉಳಿಯಿತು. ಆಮೇಲೆ ಪತ್ರಿಕೆ, ಪಠ್ಯಪುಸ್ತಕ ಎಲ್ಲದರಲ್ಲೂ ‘ಚಿರತೆ’ ಬಂತು. ಕಿರುಬ ಅನ್ನುವ ಪದಕ್ಕೆ ಕೆಲಸ ಇಲ್ಲದೆ ಹೋಯಿತು. ಆಗ ಜನ ಕತ್ತೆಕಿರುಬದ ಕತ್ತೆಯನ್ನು ಬಿಟ್ಟು, ಬರೀ ಕಿರುಬ ಅಂತ ಹೈನಾಕ್ಕೆ ಹೇಳತೊಡಗಿರಬಹುದು. ಹೆಸರುಗಳು ಹೀಗೆ ಸರಿದಾಡುವುದು ಹೊಸದಲ್ಲ. ಹಿಂದಿಯ ‘ಶೇರ್’ ನೋಡಿ. ಶೇರ್ ಖಾನ್ ಹುಲಿ. ಆದರೆ ಹಿಂದಿ ಮಾತಾಡುವ ಎಷ್ಟೋ ಜನ ಸಿಂಹಕ್ಕೂ ಶೇರ್ ಅಂತಾರೆ. ‘ಬಘೀರ’ದೊಳಗೂ ಇರುವುದು ಹುಲಿಯ ಹೆಸರೇ, ‘ಬಾಘ್’. ಆ ಕಾರ್ಟೂನಿನಲ್ಲಿ ಚಿರತೆಗೆ ಇಟ್ಟ ಹೆಸರೂ ಹುಲಿಯಿಂದ ಬಂದದ್ದು, ನನ್ನ ಊಹೆ ಸರಿಯಾದರೆ ಅಜ್ಜಿ ಇಟ್ಟ ಹೆಸರೂ ಹುಲಿಯಿಂದಲೇ ಬಂದದ್ದು.

‘ಸಿವಂಗಿ’ ಅಂತಲೂ ಒಂದು ಪದ ಇದೆ. ಅದು ಬೇಟೆಗೆ ಸಾಕುತ್ತಿದ್ದ ಚೀತಾ. ಆದರೆ ಕೆಲವರು ಅದನ್ನೂ ಚಿರತೆಗೆ ಬಳಸುತ್ತಾರೆ. ಅದನ್ನು ಇಲ್ಲಿ ಎಳೆದರೆ ಉದ್ದವಾಗುತ್ತದೆ, ಬೇರೆಯೇ ಕೇಳುತ್ತೇನೆ.

ಬೆಂಗಳೂರಿನ ಗೆಳೆಯನಿಗೆ ಇಷ್ಟೂ ಬರೆದು ಕಳಿಸಿದೆ. ಅವನು ಒಪ್ಪಿದ್ದಾನೆ, ಆದರೆ ಅರ್ಧ. “ನಿಮ್ಮಜ್ಜಿಯ ಊರಿನಲ್ಲಿ ಸರಿ, ಉಳಿದ ಕಡೆ ಏನು?” ಅಂತಾನೆ. ಅವನ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೇ ನಿಮ್ಮ ಹತ್ತಿರ ಬಂದಿದ್ದೇನೆ. ಮಂಡ್ಯ, ಮೈಸೂರು ಕಡೆ ಹಳಬರು ಚಿರತೆಗೆ ಕಿರುಬ ಅನ್ನುವುದನ್ನು ನಾನೇ ಕೇಳಿದ್ದೇನೆ. ಕೋಲಾರ, ಮುಳಬಾಗಿಲು, ಬಾಗೇಪಲ್ಲಿ ಕಡೆಯ ಕನ್ನಡದವರು ಏನಂತಾರೆ? ಅಲ್ಲಿ ತೆಲುಗಿನ ಚಿರುತ ಪಕ್ಕದಲ್ಲೇ ಇದ್ದೂ ಕಿರುಬ ಉಳಿದಿದೆಯೇ? ಚಿತ್ರದುರ್ಗ, ಬಳ್ಳಾರಿ, ಧಾರವಾಡದವರೂ ಹೇಳಿ. ಮಲೆನಾಡಿನವರಂತೂ ಹೇಳಲೇಬೇಕು. ಹಳಗನ್ನಡ ಓದಿದವರು ಕಾವ್ಯದಲ್ಲಿ ಎಲ್ಲಾದರೂ ಈ ಪದ ಕಂಡಿದ್ದರೆ, ಅಲ್ಲಿ ಆ ಪ್ರಾಣಿ ಏನು ಮಾಡುತ್ತಿತ್ತು ಅನ್ನುವುದನ್ನೂ ತಿಳಿಸಿ.

ಒಂದು ಕೋರಿಕೆ. ಮನೆಯ ಹಿರಿಯರನ್ನು ಕೇಳುವಾಗ “ಕಿರುಬ ಅಂದರೆ ಚಿರತೆನಾ?” ಅಂತ ಕೇಳಬೇಡಿ. ಹಾಗೆ ಕೇಳಿದರೆ ಹೂಂ ಅಂದುಬಿಡುತ್ತಾರೆ. “ಕಿರುಬ ಮರ ಹತ್ತುತ್ತಾ?” ಅಂತ ಕೇಳಿ. ಅವರು ಏನೆಂದರೋ ಅದನ್ನು ಅವರ ಮಾತಿನಲ್ಲೇ ಬರೆದು ಕಳಿಸಿ, ಊರಿನ ಹೆಸರು ಸೇರಿಸಿ.