‘ಚೊಚ್ಚಲ ಆಲ್ಬಂ’ ಎನ್ನುವಾಗ ‘ಚೊಚ್ಚಲ’ದ ಅರ್ಥವೆಷ್ಟು?

ಮಾನ್ಯರೇ,

ಇಂಗ್ಲೆಂಡಿನ ರಾಕ್ ಸಂಗೀತ ತಂಡ ಬ್ಲ್ಯಾಕ್ ಸಬ್ಬತ್‌ನ ಗಾಯಕ ಆಜಿ ಆಸ್ಬರ್ನ್ 2025ರ ಜುಲೈನಲ್ಲಿ ತೀರಿಕೊಂಡ ಮೇಲೆ, ಹಾಸನದಲ್ಲಿರುವ ನಾವು ನಾಲ್ವರು ಗೆಳೆಯರು ಒಂದು ಭಾನುವಾರ ನಮ್ಮ ಮನೆಯಲ್ಲಿ ಸೇರಿ, 1970ರ ಫೆಬ್ರವರಿಯಲ್ಲಿ ಹೊರಬಂದ ಆ ತಂಡದ ಮೊದಲ ಆಲ್ಬಮ್ಮನ್ನು ಪೂರ್ತಿಯಾಗಿ ಕೇಳಿದೆವು. ತಂಡದ ಹೆಸರೇ ಆಲ್ಬಮ್ಮಿಗೂ ಅದರ ಮೊದಲ ಹಾಡಿಗೂ ಇದೆ. ಆ ಹಾಡು ಮಳೆಯ ಸದ್ದಿನಿಂದ ತೊಡಗುತ್ತದೆ. ಮಳೆಯೊಳಗೆ ಗುಡುಗು, ದೂರದಲ್ಲೊಂದು ಗಂಟೆ, ಆಮೇಲೆ ಟೋನಿ ಅಯೋಮಿಯ ಗಿಟಾರಿನ ಭಾರವಾದ ಮೂರು ಸ್ವರಗಳು. ಹೊರಗೂ ಜಡಿಮಳೆ ಹಿಡಿದಿತ್ತಾದ್ದರಿಂದ ಹಾಡಿನ ಮಳೆ ಯಾವುದು, ನಮ್ಮ ಹೆಂಚಿನ ಮೇಲಿನ ಮಳೆ ಯಾವುದು ಎಂಬುದು ಕ್ಷಣಕಾಲ ತಿಳಿಯಲಿಲ್ಲ.

ಕೇಳಿ ಮುಗಿದ ಮೇಲೆ ವಾದ ಹತ್ತಿಕೊಂಡಿತು. ಒಬ್ಬ ಗೆಳೆಯರು, ಇದು ಚೊಚ್ಚಲ ಆಲ್ಬಂ ಆದ್ದರಿಂದ ಹದ ಬಂದಿಲ್ಲವೆಂದೂ, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬಂದ ಎರಡನೆಯ ಆಲ್ಬಂ ‘ಪ್ಯಾರನಾಯ್ಡ್’ನಲ್ಲಿ ತಂಡ ಮಾಗಿದೆಯೆಂದೂ ಹೇಳಿದರು. ದನ ಕಟ್ಟಿದ ಮನೆಯವರಾದ ಅವರು ಕೊಟ್ಟ ಹೋಲಿಕೆಯೂ ಗಟ್ಟಿಯಾಗಿಯೇ ಇತ್ತು: ಹಸು ಕೊಳ್ಳುವವರು ‘ಎಷ್ಟನೇ ಸೂಲು?’ ಎಂದು ಕೇಳುವುದು, ಮೊದಲ ಸೂಲಿಗಿಂತ ಮೂರನೆಯ ಸೂಲಿನಲ್ಲಿ ಹಾಲು ಹೆಚ್ಚೆಂದೇ ಅಲ್ಲವೇ? ಇನ್ನೊಬ್ಬರು ಒಪ್ಪಲಿಲ್ಲ. ಆ ಆಲ್ಬಮ್ಮಿನ ಧ್ವನಿಮುದ್ರಣ ಲಂಡನ್ನಿನಲ್ಲಿ ಒಂದೇ ದಿನದಲ್ಲಿ ಮುಗಿದದ್ದು ನಿಜ, ಆದರೆ ವೇದಿಕೆಯ ಮೇಲೆ ಮೊದಲೇ ನುಡಿಸಿ ನುಡಿಸಿ ಕೈಗೆ ಹತ್ತಿದ ಹಾಡುಗಳನ್ನು ವೇದಿಕೆಯ ಮೇಲೆ ನುಡಿಸುವಂತೆಯೇ ನುಡಿಸಿದ್ದಾರೆ, ಅದನ್ನು ಎಳಸು ಎನ್ನಲಾಗದು ಎಂಬುದು ಅವರ ವಾದ. ನಾನೂ ಅವರ ಪಕ್ಷದವನೇ.

ಅಷ್ಟರಲ್ಲಿ ಒಳಮನೆಯಿಂದ ಕಾಫಿ ತಂದ ನಮ್ಮ ದೊಡ್ಡಮ್ಮ, ‘ಆಗಿಂದ ಚೊಚ್ಚಲು ಚೊಚ್ಚಲು ಅಂತಿದೀರಲ್ಲ, ಯಾರಿಗಪ್ಪಾ?’ ಎಂದು ಕೇಳಿದರು. ಯಾರ ಮನೆಯಲ್ಲೋ ಹೆರಿಗೆಯಾಗಿದೆಯೆಂದು ಅವರು ತಿಳಿದಿದ್ದರು. ಆ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ನಮ್ಮ ಸೀಮೆಯ ಮಾತಿನಲ್ಲಿ ಈ ಪದ ಹೆರಿಗೆಗೆ ಸೇರಿದ್ದು. ಚೊಚ್ಚಲ ಬಸುರಿ, ಚೊಚ್ಚಲು ಮಗು, ಚೊಚ್ಚಲ ಬಾಣಂತನ ತವರಿನಲ್ಲಿ. ಇದಕ್ಕೆ ‘ಯಾರಿಗೆ’ ಎಂಬ ಉತ್ತರ ಬೇಕೇ ಬೇಕು; ಹೆತ್ತವರಿಲ್ಲದ ಚೊಚ್ಚಲಿಲ್ಲ. ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನವನ್ನು ಕನ್ನಡದ ಮೊದಲ ಶಾಸನವೆಂದು ಬಹುಕಾಲ ಓದಿಕೊಂಡು ಬಂದೆವೇ ಹೊರತು, ಚೊಚ್ಚಲ ಶಾಸನವೆಂದು ಯಾರೂ ಹೇಳಿದ್ದು ನಾನು ಕೇಳಿಲ್ಲ. ನೆಟ್ಟ ಮೂರು ನಾಲ್ಕು ವರ್ಷಕ್ಕೆ ಕಾಫಿ ಗಿಡ ಕಾಯಿ ಹಿಡಿದಾಗಲೂ ತೋಟದವರ ಬಾಯಲ್ಲಿ ಅದು ಮೊದಲ ಫಸಲೇ.

ಪತ್ರಿಕೆಗಳು ಈ ಪದವನ್ನು ಎಳೆದು ಹಿಗ್ಗಿಸಿವೆ. ಸಚಿನ್ ತೆಂಡೂಲ್ಕರ್ ಅವರ ‘ಚೊಚ್ಚಲ’ ಏಕದಿನ ಪಂದ್ಯ 1989ರದು, ‘ಚೊಚ್ಚಲ’ ಏಕದಿನ ಶತಕ 1994ರದು. ಕಾಲಿಟ್ಟದ್ದಕ್ಕೂ ಪಡೆದದ್ದಕ್ಕೂ ಒಂದೇ ಪದ. ನನ್ನ ಅಭಿಪ್ರಾಯದಲ್ಲಿ ಶತಕಕ್ಕೆ ಅದು ಸಲ್ಲುತ್ತದೆ, ಏಕೆಂದರೆ ಆಟಗಾರ ಅದನ್ನು ತನ್ನೊಳಗಿನಿಂದ ಪಡೆದಿದ್ದಾನೆ. ಪಂದ್ಯವನ್ನು ಅವನು ಹೆರಲಿಲ್ಲ, ಅಲ್ಲಿಗೆ ‘ಪಾದಾರ್ಪಣೆ’ಯೇ ಸರಿ. ಆಲ್ಬಮ್ಮಿಗಾದರೋ ‘ಪಾದಾರ್ಪಣೆ’ ಹೊಂದುವುದಿಲ್ಲ, ಕಾಲಿಡುವುದು ತಂಡ, ಆಲ್ಬಂ ಅಲ್ಲ. ‘ರಂಗಪ್ರವೇಶ’ ನೃತ್ಯದವರ ಸೊತ್ತು. ಹೀಗಾಗಿ ತಂಡದ ನಾಲ್ವರ ಒಡಲಿನಿಂದ ಬಂದ ಮೊದಲ ಆಲ್ಬಮ್ಮಿಗೆ ‘ಚೊಚ್ಚಲ’ವೇ ತಕ್ಕದ್ದೆಂದು ನನಗೆ ತೋರುತ್ತದೆ.

ಆದರೆ ಗೆಳೆಯರು ಅದರೊಳಗೆ ಸೇರಿಸಿದ ‘ಹದ ಬಂದಿಲ್ಲ’ ಎಂಬ ಅರ್ಥ ಪದದಲ್ಲಿ ಇದೆಯೇ? ಸೂಲಿನ ಲೆಕ್ಕ ತಾಯಿಯದು, ಹಾಲಿನ ಅಳತೆಯೂ ತಾಯಿಯದು. ಚೊಚ್ಚಲು ಮಗುವನ್ನು ಮಾತ್ರ ಯಾರೂ ಕಡಿಮೆ ಎಣಿಸಿದ್ದಿಲ್ಲ. ಆ ಹೆರಿಗೆಯಲ್ಲಿ ಭಯ ಹೆಚ್ಚು, ಆರೈಕೆ ಹೆಚ್ಚು, ಸಂಭ್ರಮವೂ ಹೆಚ್ಚು. ಪದಕ್ಕೆ ಏನಾದರೂ ಬಣ್ಣವಿದ್ದರೆ ಅದು ಇದೇ ಇರಬೇಕು.

ಬಲ್ಲವರಲ್ಲಿ ನನ್ನ ವಿನಂತಿ ಇಷ್ಟು. ನಿಮ್ಮ ಕಡೆಯ ಆಡುಮಾತಿನಲ್ಲಿ ಬೆಳೆಗೋ ಮರಕ್ಕೋ ಕೈಕೆಲಸಕ್ಕೋ ‘ಚೊಚ್ಚಲ’ ಎನ್ನುವ ರೂಢಿ ಇದೆಯೇ? ಇದ್ದರೆ ಎಳಸು, ಅರೆಬೆಂದದ್ದು ಎಂಬ ಅರ್ಥ ಅಲ್ಲಿ ಸೇರುತ್ತದೆಯೇ? ಮೊದಲ ಬಸಿರಿಗೆ ತೆಲುಗಿನವರು ‘ತೊಲಿಚೂಲು’ ಎನ್ನುತ್ತಾರೆ. ನಮ್ಮ ಚೊಚ್ಚಲಿನೊಳಗೂ ಆ ‘ಚೂಲು’, ಅಂದರೆ ನಮ್ಮ ‘ಸೂಲು’, ಅಡಗಿದೆಯೇ? ಅಡಗಿದ್ದರೆ ಗೆಳೆಯರ ಹಸುವಿನ ಹೋಲಿಕೆಗೆ ನಾನು ಇನ್ನೊಮ್ಮೆ ಉತ್ತರ ಹುಡುಕಬೇಕಾಗುತ್ತದೆ.