ತೂಕದ ಅರ್ಧ ಎಂ.ಎಲ್.

ಗುಂಪು: ತುಮಕೂರು ಡಿ.ಫಾರ್ಮ (ಔಷಧಿ ಅಂಗಡಿಯವರ ಡಿಪ್ಲೊಮಾ) ಹಳೇ ಬ್ಯಾಚು, ಒಬ್ಬೊಬ್ಬರಿಗೂ ಊರೇ ಹೆಸರು
ಭಾನುವಾರ, ಬೆಳಿಗ್ಗೆ 7:10

ಶಿರಾ (ಹಲವು ಬಾರಿ ಫಾರ್ವರ್ಡ್ ಆಗಿದೆ): ಮಕ್ಕಳ ಜ್ವರಕ್ಕೆ ಸುಲಭ ಸೂತ್ರ!! ಮಗುವಿನ ತೂಕದ ಅರ್ಧ = ಪ್ಯಾರಾಸಿಟಮಾಲ್ ಎಂ.ಎಲ್. 8 ಕೆಜಿಗೆ 4 ಎಂ.ಎಲ್., 12 ಕೆಜಿಗೆ 6 ಎಂ.ಎಲ್. ದಿನಕ್ಕೆ 4 ಸಲ. ಎಲ್ಲ ಕಂಪನಿಗೂ ಇದೇ ಲೆಕ್ಕ. ಪ್ರತಿ ತಾಯಿಗೂ ತಲುಪಿಸಿ.

ಶಿರಾ: ಕೌಂಟರ್ ಹುಡುಗರಿಗೆ ಲೆಕ್ಕ ಬರಲ್ಲ ಅಂತ ಎಷ್ಟು ಸಲ ಹೇಳಿದೀನಿ. ಇದೊಂದು ಗೋಡೆಗೆ ಅಂಟಿಸಿದ್ರೆ ಸಾಕು.

ಕೊರಟಗೆರೆ: ಸೂಪರ್ ಅಣ್ಣ. ಲ್ಯಾಮಿನೇಷನ್ ಮಾಡಿಸಿಬಿಡ್ತೀನಿ.

ತಿಪಟೂರು: ಶುಭೋದಯ ಎಲ್ಲರಿಗೂ 🙏

ಮಧುಗಿರಿ: ಯಾರು ಬರೆದಿದ್ದು ಇದನ್ನ? ಯಾವ ಸ್ಟ್ರೆಂತ್‌ಗೆ?

ಶಿರಾ: ಬಂತಪ್ಪ. ಮಕ್ಕಳ ಡಾಕ್ಟರೇ ಬರೆದಿರೋದು.

ಮಧುಗಿರಿ: ಯಾವ ಡಾಕ್ಟರು? ಹೆಸರಿಲ್ಲ, ತಾರೀಕಿಲ್ಲ, ಸ್ಟ್ರೆಂತ್ ಇಲ್ಲ. 5 ಎಂ.ಎಲ್.ಗೆ 120 ಮಿ.ಗ್ರಾಂ ಇರೋದಿದೆ, 125 ಇದೆ, 250 ಇದೆ. ಡ್ರಾಪ್ಸ್‌ನಲ್ಲಿ ಒಂದೇ ಎಂ.ಎಲ್.ಗೆ 100. ನಾಲ್ಕರ ಮೇಲೂ ಪ್ಯಾರಾಸಿಟಮಾಲ್ ಅಂತಲೇ ಬರೆದಿರುತ್ತೆ. 8 ಕೆಜಿ ಮಗುವಿಗೆ ನಿನ್ನ ಕಾರ್ಡಿನ ಪ್ರಕಾರ 4 ಎಂ.ಎಲ್. ಅಲ್ವಾ? 125ರ ಬಾಟಲಿ ಆದ್ರೆ 100 ಮಿ.ಗ್ರಾಂ, ಕೆಜಿಗೆ 12.5, ಸರಿ. 250ರ ಬಾಟಲಿ ಆದ್ರೆ 200 ಮಿ.ಗ್ರಾಂ, ಕೆಜಿಗೆ 25. ಡ್ರಾಪ್ಸ್ ಬಾಟಲಿ ಆದ್ರೆ 400 ಮಿ.ಗ್ರಾಂ, ಕೆಜಿಗೆ 50. ಕೊಡಬೇಕಾದ್ದು ಕೆಜಿಗೆ 10ರಿಂದ 15.

ಶಿರಾ: 125ಕ್ಕೆ ಸರಿ ಅಂತ ನೀನೇ ಒಪ್ಕೊಂಡೆ. ಮತ್ತೆ ಜಗಳ ಯಾಕೆ?

ಮಧುಗಿರಿ: 'ಎಲ್ಲ ಕಂಪನಿಗೂ ಇದೇ' ಅಂತ ಬರೆದಿದೆ, ಓದಿದ್ಯಾ? ಓದದೇ ಕಳಿಸಿದ್ಯಾ?

ಶಿರಾ: ಧಾಟಿ ನೋಡ್ರಪ್ಪ ಇವನದು. ಯುಗಾದಿ ಹೊತ್ತಲ್ಲಿ ಇಬ್ಬರು ಗ್ರೂಪ್ ಬಿಟ್ಟು ಹೋದ್ರಲ್ಲ, ಯಾರ ಮಾತಿಗೆ ಹೋದ್ರು ಅಂತ ಎಲ್ಲರಿಗೂ ಗೊತ್ತು.

ಮೇಷ್ಟ್ರು: ಬೆಳಿಗ್ಗೆನೇ ಶುರು ಹಚ್ಕೊಂಡ್ರಾ? ಔಷಧಿ ಕೊಡೋ ಕೈ ಅಂದ್ರೆ ತಾಯಿ ಕೈ ಇದ್ದ ಹಾಗೆ. ಲೆಕ್ಕ ತಪ್ಪಿದ್ರೆ ಅದು ವ್ಯಾಪಾರದ ತಪ್ಪಲ್ಲ, ಜೀವದ ತಪ್ಪು. ದೊಡ್ಡವರ ಡೋಸ್‌ನಿಂದ ಮಕ್ಕಳ ಡೋಸ್ ಲೆಕ್ಕ ಹಾಕೋ ಯಂಗ್ಸ್ ರೂಲ್, ಡಿಲ್ಲಿಂಗ್ಸ್ ರೂಲ್, ಕ್ಲಾರ್ಕ್ಸ್ ರೂಲ್ ಮೊದಲ ವರ್ಷವೇ ಬೋರ್ಡ್ ತುಂಬ ಬರೆದು ಕಲಿಸಿದ್ದೆ. ಅದನ್ನ ಹಾಕಿ ನೋಡ್ರಿ, ಕಾರ್ಡ್ ಯಾತಕ್ಕೆ?

ಮಧುಗಿರಿ: ಮೇಷ್ಟ್ರೇ, ಕ್ಷಮಿಸಿ, ಹಾಕಿಯೇ ನೋಡೋಣ. 2 ವರ್ಷದ ಮಗು, 12 ಕೆಜಿ, ದೊಡ್ಡವರ ಡೋಸ್ 500. ಯಂಗ್: ವಯಸ್ಸು 2ನ್ನ, ಅದಕ್ಕೆ 12 ಕೂಡಿಸಿ ಬಂದ 14ರಿಂದ ಭಾಗಿಸಿ 500ರಿಂದ ಗುಣಿಸಿದ್ರೆ 71 ಮಿ.ಗ್ರಾಂ. ಡಿಲ್ಲಿಂಗ್: ವಯಸ್ಸು 2ನ್ನ 20ರಿಂದ ಭಾಗಿಸಿ 500ರಿಂದ ಗುಣಿಸಿದ್ರೆ 50. ಕ್ಲಾರ್ಕ್: 12 ಕೆಜಿ ಅಂದ್ರೆ 26.4 ಪೌಂಡು, 150ರಿಂದ ಭಾಗಿಸಿ 500ರಿಂದ ಗುಣಿಸಿದ್ರೆ 88. ಕೆಜಿಗೆ 12.5ರಂತೆ ಹಾಕಿದ್ರೆ 150 ಮಿ.ಗ್ರಾಂ ಬೇಕು. ಯಂಗ್, ಕ್ಲಾರ್ಕ್ ಅರ್ಧದ ಆಸುಪಾಸಲ್ಲೇ ನಿಲ್ತವೆ, ಡಿಲ್ಲಿಂಗ್ ಮೂರನೇ ಒಂದು ಪಾಲಿಗೇ. ದೊಡ್ಡವರ ಡೋಸ್ 500 ಅಂತ ಹಿಡೀಬೇಕೋ 1000 ಅಂತ ಹಿಡೀಬೇಕೋ ರೂಲ್ ಹೇಳಲ್ಲ. 1000 ಹಿಡಿದ್ರೆ ಯಂಗ್ 143ಕ್ಕೆ ಹಾರುತ್ತೆ. ಮಿ.ಗ್ರಾಂ/ಕೆಜಿ ಗೊತ್ತಿರೋ ಔಷಧಿಗೆ ಆ ರೂಲ್ ಹಾಕಬಾರದು.

ಗುಬ್ಬಿ: ಕಮ್ಮಿ ಕೊಟ್ರೆ ಅಪಾಯ ಇಲ್ಲ ಅನ್ಕೋಬೇಡಿ. 70 ಮಿ.ಗ್ರಾಂಗೆ 12 ಕೆಜಿ ಮಗುವಿನ ಜ್ವರ ಇಳಿಯಲ್ಲ. ತಾಯಿ ಎರಡು ಗಂಟೆಗೇ ಇನ್ನೊಂದು ಸಲ ಕುಡಿಸ್ತಾಳೆ, ರಾತ್ರಿ ಮತ್ತೊಂದು ಸಲ. ಎಷ್ಟು ಸಲ ಆಯ್ತು ಅನ್ನೋ ಲೆಕ್ಕ ಬೆಳಗಾಗೋ ಹೊತ್ತಿಗೆ ಯಾರಿಗೂ ಇರಲ್ಲ.

ಮೇಷ್ಟ್ರು: ಪರೀಕ್ಷೆಗೆ ಅದೇ ಕೇಳ್ತಾರಮ್ಮ, ಅದಕ್ಕೇ ಕಲಿಸಿದ್ದು. ಕೆಜಿ ಲೆಕ್ಕ ಬೇಡ ಅಂತ ನಾನೆಲ್ಲಿ ಹೇಳಿದೆ?

ತಿಪಟೂರು: ಮೇಷ್ಟ್ರು ರೂಲ್ ಅಂದ ಕೂಡ್ಲೇ ಕಾಂಪೌಂಡರ್ ಕಾಲ ನೆನಪಾಯ್ತು. ಕೆಂಪು ಮಿಕ್ಸ್ಚರ್ ಬಾಟಲಿ, ಪಕ್ಕಕ್ಕೆ ಕಚ್ಚು ಕಚ್ಚಾಗಿ ಕತ್ತರಿಸಿದ ಕಾಗದದ ಪಟ್ಟಿ. ಒಂದು ಕಚ್ಚಿಗೆ ಒಂದು ಡೋಸ್. ಓದು ಬರದ ಅಜ್ಜಿಗೂ ಗೊತ್ತಾಗ್ತಿತ್ತು, ಇಷ್ಟು ಇಳಿದ್ರೆ ಒಂದು ಹೊತ್ತಿಗೆ ಅಂತ. ಆಗ ಗ್ರೇನ್ ಲೆಕ್ಕ. 1 ಗ್ರೇನ್ ಸುಮಾರು 65 ಮಿ.ಗ್ರಾಂ, 5 ಗ್ರೇನ್ ಅಂದ್ರೆ 325. ಈಗಿನ 650 ಮಾತ್ರೆ ಅದೇ ಹಳೇ 10 ಗ್ರೇನು.

ಕೊರಟಗೆರೆ: ಅಯ್ಯೋ ಇದು ಗೊತ್ತೇ ಇರ್ಲಿಲ್ಲ!! 650 ಯಾಕೆ ಅಂತ ಯಾವಾಗ್ಲೂ ಅನ್ಕೋತಿದ್ದೆ.

ಮಧುಗಿರಿ: ತಿಪಟೂರಣ್ಣ, ವಿಷಯ ಎಲ್ಲಿಗೋ ಹೋಯ್ತು.

ತಿಪಟೂರು: ಹೋಗ್ಲಿಲ್ಲ. ಆ ಪಟ್ಟಿ ಆ ಬಾಟಲಿಗೆ ಮಾತ್ರ, ಆ ಮಿಕ್ಸ್ಚರ್‌ಗೆ ಮಾತ್ರ. ಕಿತ್ತು ಇನ್ನೊಂದಕ್ಕೆ ಅಂಟಿಸ್ತಿರ್ಲಿಲ್ಲ. ಶಿರಾದವನ ಕಾರ್ಡ್ ಅದನ್ನೇ ಮಾಡ್ತಿದೆ.

ಶಿರಾ: ನೀವೂ ಅವನ ಕಡೆನೇ.

ಪಾವಗಡ: ನಾನು ಈಗ ನೋಡಿದೆ. ಡ್ರಾಪ್ಸ್ ವಿಷಯ ತುಂಬ ಮುಖ್ಯ ಕಣ್ರೋ. ಪುಟ್ಟ ಬಾಟಲಿ, 'ಕೂಸಿಗೆ ಕೊಡೋದು, ಸಪ್ಪೆ ಇರುತ್ತೆ' ಅಂತ ಜನ ತಿಳ್ಕೊಂಡಿದಾರೆ. ಇರೋದು ಉಲ್ಟಾ, 125ರ ಸಿರಪ್‌ಗಿಂತ ನಾಲ್ಕು ಪಟ್ಟು ಗಟ್ಟಿ. 8 ಕೆಜಿಗೆ 1 ಎಂ.ಎಲ್. ಸಾಕು, 100 ಮಿ.ಗ್ರಾಂ ಬಂತು. ಆ ಡ್ರಾಪರ್ ಆ ಬಾಟಲಿಗೇ ಇರ್ಬೇಕು, ಬೇರೆ ಬಾಟಲಿಗೆ ಹಾಕಬಾರ್ದು. ಸಿರಪ್ ಮುಚ್ಚಳ ಅಳತೆಯಲ್ಲಿ ಡ್ರಾಪ್ಸ್ ಸುರಿದು ಕುಡಿಸಿದ್ರೆ ಒಂದೇ ಸಲಕ್ಕೆ ಇಡೀ ದಿನದ್ದು ಹೋಗುತ್ತೆ. ನಮ್ಮ ಕಡೆ ಅರ್ಧ ಜನ ತೆಲುಗು, ಬಾಯಲ್ಲಿ 'ಅರ್ಧ' ಅಂದ್ರೆ ಅರ್ಧ ಚಮಚವೋ ಅರ್ಧ ಮುಚ್ಚಳವೋ ಅವರವರೇ ತೀರ್ಮಾನ ಮಾಡ್ಕೋತಾರೆ. ಸೂಜಿ ಇಲ್ಲದ ಸಿರಿಂಜ್ ಕೊಟ್ಟು, ಗೆರೆ ಮೇಲೆ ಪೆನ್ನಲ್ಲಿ ಗೀಟು ಹಾಕಿ ತೋರಿಸಬೇಕು.

ಗುಬ್ಬಿ: ದಿನದ ಮಿತಿ ಯಾರೂ ಹೇಳ್ಲೇ ಇಲ್ಲ. ಕೆಜಿಗೆ 60 ಮಿ.ಗ್ರಾಂ ದಾಟದ ಹಾಗೆ ನೋಡ್ಕೊಂಡ್ರೆ ಕ್ಷೇಮ. 8 ಕೆಜಿಗೆ 480. ಈ ಕಾರ್ಡ್ ಹಿಡ್ಕೊಂಡು 4 ಸಲ ಕೊಟ್ರೆ 125ರಲ್ಲಿ 400, 250ರಲ್ಲಿ 800, ಡ್ರಾಪ್ಸ್‌ನಲ್ಲಿ 1600. ಪ್ಯಾರಾಸಿಟಮಾಲ್‌ನ ಒಂದು ಪಾಲು ಲಿವರ್‌ನಲ್ಲಿ ವಿಷವಾಗಿ ಬದಲಾಗುತ್ತೆ, ಲಿವರ್‌ನಲ್ಲೇ ಇರೋ ಗ್ಲುಟಾಥಯೋನ್ ಅನ್ನೋ ವಸ್ತು ಅದನ್ನ ಹಿಡಿದು ಆಚೆ ಹಾಕುತ್ತೆ. ಮೂರು ದಿನದಿಂದ ಊಟ ಬಿಟ್ಟ ಮಗುವಲ್ಲಿ ಆ ಗ್ಲುಟಾಥಯೋನೇ ಕಮ್ಮಿ ಇರುತ್ತೆ. ಮೊದಲ ದಿನ ಮಗು ಚೆನ್ನಾಗೇ ಕಾಣುತ್ತೆ, ಅದೇ ಮೋಸ. ಅಸಿಟೈಲ್‌ಸಿಸ್ಟೀನ್ ಅನ್ನೋ ಪ್ರತಿವಿಷ ಬೇಗ ಕೊಟ್ಟಷ್ಟೂ ಕೆಲಸ ಮಾಡುತ್ತೆ. ಜಾಸ್ತಿ ಹೋಗಿದೆ ಅಂತ ಅನುಮಾನ ಬಂದ್ರೆ ವಾಂತಿಗೆ ಕಾಯದೆ, ಬಾಟಲಿ ಸಮೇತ ಆಸ್ಪತ್ರೆಗೆ ಕಳಿಸಬೇಕು.

ಕೊರಟಗೆರೆ: ಅಕ್ಕ, ನೆಗಡಿ ಸಿರಪ್ ಜೊತೆ ಕೊಟ್ರೆ?

ಗುಬ್ಬಿ: ಅದರಲ್ಲೂ ಪ್ಯಾರಾಸಿಟಮಾಲ್ ಇರೋ ಬ್ರ್ಯಾಂಡ್ ಬೇಕಾದಷ್ಟಿವೆ, ಐಬುಪ್ರೊಫೆನ್ ಜೊತೆ ಸೇರಿಸಿದ್ದೂ ಇದೆ. ಎರಡು ಬಾಟಲಿ ತಿರುಗಿಸಿ ಹಿಂದೆ ಓದು, ಎರಡರಲ್ಲಿರೋ ಪ್ಯಾರಾಸಿಟಮಾಲ್ ಮಿಲಿಗ್ರಾಂ ಕೂಡಿಸು. ಕ್ಲೋರ್‌ಫೆನಿರಮಿನ್, ಫಿನೈಲೆಫ್ರಿನ್ ಸೇರಿದ್ದನ್ನ 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಅಂತ ಲೇಬಲ್ ಮೇಲೆ ಹಾಕೋಕೆ 2023ರ ಡಿಸೆಂಬರ್‌ನಲ್ಲೇ ಕೇಂದ್ರದ ಔಷಧ ನಿಯಂತ್ರಕರು ಹೇಳಿದಾರೆ. 3 ತಿಂಗಳ ಒಳಗಿನ ಕೂಸಿಗೆ ಜ್ವರ ಅಂದ್ರೆ ಲೆಕ್ಕವೇ ಬೇಡ, ಡಾಕ್ಟರ ಹತ್ರ ಕಳಿಸು.

ಶಿರಾ: ತೂಕ ಕೇಳಿದ್ರೆ ಯಾರಿಗೆ ಗೊತ್ತಿರುತ್ತೆ ಅಕ್ಕ? ಅದಕ್ಕೇ ಜನಕ್ಕೆ ಸುಲಭ ಆಗೋದು ಬೇಕು ಅಂದಿದ್ದು.

ಪಾವಗಡ: ತಾಯಿ ಕಾರ್ಡ್ ಕೇಳು. ಅಂಗನವಾಡೀಲಿ ತೂಕ ಹಾಕಿ ಬರೆದಿರ್ತಾರೆ, ತಾರೀಕು ನೋಡು. ಅದೂ ಇಲ್ಲ ಅಂದ್ರೆ ಅಂಗಡೀಲಿ ತೂಕದ ಯಂತ್ರ ಇಡು. ತಾಯಿ ಮಗು ಎತ್ಕೊಂಡು ಒಂದು ಸಲ, ಇಳಿಸಿ ಒಂದು ಸಲ, ಕಳೆದ್ರೆ ಮಗುವಿನದು. ವಯಸ್ಸಿನ ಮೇಲೆ ಊಹೆ ಬೇಡ. 2 ವರ್ಷಕ್ಕೆ 12 ಕೆಜಿ ಅಂತ ಪುಸ್ತಕದ ಅಂದಾಜು, ಬರೋ ಮಗು 9 ಕೆಜಿ ಇರ್ಬಹುದು.

ಮಧುಗಿರಿ: ಇದು ಬೇಕಾಗಿತ್ತು. ಶಿರಾ, ಹೋದ ತಿಂಗಳು ಇನ್ಸುಲಿನ್ ಮಾತು ಬಂದಾಗಲೂ 'ಸಿರಿಂಜ್ ಸಿರಿಂಜೇ' ಅಂದಿದ್ದೆ. ನೆನಪಿದೆಯಾ?

ಶಿರಾ: ಅದನ್ನ ಇನ್ನೂ ಬಿಟ್ಟಿಲ್ವಾ ನೀನು?

ಮಧುಗಿರಿ: ಬಿಡಲ್ಲ. ಎರಡೂ ಒಂದೇ ತಪ್ಪು. ಒಂದು ಎಂ.ಎಲ್.ಗೆ 40 ಯೂನಿಟ್ ಇರೋ ಇನ್ಸುಲಿನ್ನೂ ಇದೆ, 100 ಇರೋದೂ ಇದೆ. 40ರ ವಯಲ್‌ಗೆ ಕೆಂಪು ಮುಚ್ಚಳದ ಸಿರಿಂಜ್, 100ಕ್ಕೆ ಕಿತ್ತಳೆ ಮುಚ್ಚಳದ್ದು. ಡಾಕ್ಟರು 20 ಯೂನಿಟ್ ಬರೆದಿದಾರೆ. 40ರ ಇನ್ಸುಲಿನ್ನ ಕಿತ್ತಳೆ ಸಿರಿಂಜಲ್ಲಿ 20ರ ಗೆರೆಗೆ ಎಳೆದ್ರೆ 0.2 ಎಂ.ಎಲ್., ಒಳಗೆ ಹೋಗೋದು 8 ಯೂನಿಟ್. ಸಕ್ಕರೆ ಏರಿ ಕೂರುತ್ತೆ, ಡಾಕ್ಟರು ಡೋಸ್ ಜಾಸ್ತಿ ಮಾಡ್ತಾರೆ. 100ರದ್ದನ್ನ ಕೆಂಪು ಸಿರಿಂಜಲ್ಲಿ 20ಕ್ಕೆ ಎಳೆದ್ರೆ 0.5 ಎಂ.ಎಲ್., 50 ಯೂನಿಟ್. ರಾತ್ರಿ ಮಲಗಿದವರು ಬೆಳಿಗ್ಗೆ ಏಳದೇ ಇರ್ಬಹುದು. ಗೆರೆ ನೋಡಿದ್ರೆ ಎರಡರಲ್ಲೂ 20. ಅಂಕಿ ಒಂದೇ, ಸ್ಟ್ರೆಂತ್ ಬೇರೆ.

ಮೇಷ್ಟ್ರು: ಸರಿಯಾಗಿ ಹೇಳಿದೆ. ಆದ್ರೆ ಮಾತಲ್ಲಿ ಮುಳ್ಳು ಯಾಕಪ್ಪ? ಒಂದೇ ಬೆಂಚಲ್ಲಿ ಕೂತವರು ನೀವು. ವಿದ್ಯೆಗೆ ವಿನಯ ಜೊತೆಗಿರಬೇಕು.

ಮಧುಗಿರಿ: ಮೇಷ್ಟ್ರೇ, ವಿನಯವಾಗೇ ಕೇಳ್ತೀನಿ. ಶಿರಾ, ಈ ಕಾರ್ಡ್ ಇನ್ನೆಲ್ಲಿ ಹಾಕಿದೀಯ?

ಶಿರಾ: ನಮ್ಮ ಬೀದಿ ಗ್ರೂಪ್‌ಗೆ. ಅತ್ತಿಗೆ ಅಂಗನವಾಡಿ ಗ್ರೂಪ್‌ಗೂ ಹಾಕಿದಾರೆ.

ಗುಬ್ಬಿ: ಅಳಿಸು. ಈಗಲೇ. ಅಳಿಸಿ, 'ಹಿಂದೆ ಹಾಕಿದ್ದು ತಪ್ಪು' ಅಂತಲೂ ಬರಿ. ನೋಡಿದವರು ಫೋಟೊ ಇಟ್ಕೊಂಡಿರ್ತಾರೆ.

ಶಿರಾ: ತಪ್ಪು ಅಂತ ಬರೀಬೇಕಾ? 125ಕ್ಕೆ ಸರಿ ಇದೆ ಅಲ್ವಾ?

ಗುಬ್ಬಿ: ಆ ಗ್ರೂಪ್‌ನಲ್ಲಿ ಯಾರ ಮನೇಲಿ ಯಾವ ಬಾಟಲಿ ಇದೆ ಅಂತ ನಿಂಗೊತ್ತಾ?

8:02

ಶಿರಾ: ಅಳಿಸಿದೆ. ಅತ್ತಿಗೆಗೂ ಹೇಳಿದೆ, ತಪ್ಪು ಅಂತಲೂ ಹಾಕಿಸಿದೆ.

ಕೊರಟಗೆರೆ: ಹಂಗಾದ್ರೆ ಗೋಡೆಗೆ ಏನು ಅಂಟಿಸ್ಲಿ?

ಮಧುಗಿರಿ: ಹೀಗೆ ಬರಿ. ತೂಕ ಗುಣಿಸು 12.5, ಬಂದಿದ್ದು ಮಿಲಿಗ್ರಾಂ. ಅದನ್ನ ಬಾಟಲಿ ಮೇಲಿನ ಮಿಲಿಗ್ರಾಂನಿಂದ ಭಾಗಿಸು, 5ರಿಂದ ಗುಣಿಸು. ಡ್ರಾಪ್ಸ್ ಆದ್ರೆ 5ರ ಬದಲು 1. ಬಂದ ಉತ್ತರಕ್ಕೆ ಹಿಂದಿನಿಂದ ತಾಳೆ ನೋಡು, ಕೆಜಿಗೆ 15 ದಾಟಿದ್ರೆ ನಿಲ್ಸು. ಎರಡು ಡೋಸ್ ನಡುವೆ ಕನಿಷ್ಠ 4 ಗಂಟೆ, ದಿನಕ್ಕೆ 4 ಸಲಕ್ಕಿಂತ ಜಾಸ್ತಿ ಬೇಡ. ಲೇಬಲ್ ಮೇಲೆ ಮಿ.ಗ್ರಾಂ, ಎಂ.ಎಲ್. ಎರಡೂ ಬರಿ. ಅರ್ಧ ಎಂ.ಎಲ್. ಅಂದ್ರೆ 0.5 ಅಂತ ಮುಂದೆ ಸೊನ್ನೆ ಇರ್ಲಿ, 5 ಎಂ.ಎಲ್.ನ 5.0 ಅಂತ ಬರೀಬೇಡ. ಚುಕ್ಕಿ ಮಸುಕಾದ್ರೆ 50 ಆಗುತ್ತೆ.

ಪಾವಗಡ: ಚೀಟೀಲಿ ಬರೀ 'ಪ್ಯಾರಾಸಿಟಮಾಲ್ ಸಿರಪ್ 5 ಎಂ.ಎಲ್.' ಅಂತಿದ್ರೆ ಡಾಕ್ಟರಿಗೆ ಫೋನ್ ಮಾಡು. 125 ಅಂದ್ರು, ನಿನ್ನ ಹತ್ರ 250 ಮಾತ್ರ ಇದೆ ಅಂದ್ರೆ 2.5 ಎಂ.ಎಲ್. ಅಂತ ಅವರನ್ನ ಕೇಳಿ ಬದಲಾಯಿಸಿ, ತಾಯಿಗೆ ಬಾಯಲ್ಲೂ ಹೇಳು. ಚೀಟಿ ಮೇಲೆ 5 ಅಂತ ಹಾಗೇ ಉಳಿದ್ರೆ ಮನೇಲಿ 5ನ್ನೇ ಹಾಕ್ತಾರೆ.

ಶಿರಾ: ಸರಿ. ಈಗ ಒಂದು ಚೀಟಿ ಬಂದಿದೆ, ಬೈಯದೇ ಹೇಳ್ರಿ. 12 ಕೆಜಿ, ಅಮಾಕ್ಸಿಸಿಲಿನ್ ಕ್ಲಾವುಲನೇಟ್ ಆಂಟಿಬಯಾಟಿಕ್, ಪುಡಿಗೆ ನೀರು ಬೆರೆಸೋ ಡ್ರೈ ಸಿರಪ್ 228.5, 6 ಎಂ.ಎಲ್. ಎರಡು ಹೊತ್ತು, 5 ದಿನ. 30ರ ಬಾಟಲಿ ಇರೋದು.

ಮಧುಗಿರಿ: 5 ಎಂ.ಎಲ್.ಗೆ ಅಮಾಕ್ಸಿಸಿಲಿನ್ 200, ಉಳಿದ 28.5 ಕ್ಲಾವುಲನೇಟ್. 6 ಎಂ.ಎಲ್.ಗೆ 240, ದಿನಕ್ಕೆ 480, ಕೆಜಿಗೆ 40. ಡೋಸ್ ಸರಿ ಇದೆ. 6, 2, 5 ಗುಣಿಸಿದ್ರೆ 60 ಎಂ.ಎಲ್., ಎರಡು ಬಾಟಲಿ. ಸಿರಿಂಜಲ್ಲಿ ಅಳೆಯೋಕೆ ಹೇಳು, ಚಮಚದಲ್ಲಿ ಚೆಲ್ಲಿದ್ರೆ ಕೊನೇ ಡೋಸ್ ಸಾಲಲ್ಲ.

ಶಿರಾ: 457 ಇದೆ, ಒಂದೇ ಬಾಟಲೀಲಿ ಆಗಲ್ವಾ?

ಮಧುಗಿರಿ: ಆಗುತ್ತೆ, 3 ಎಂ.ಎಲ್.ನಂತೆ 30. ಅದರಲ್ಲಿ 400ಕ್ಕೆ 57, ಇದರಲ್ಲಿ 200ಕ್ಕೆ 28.5, ಅನುಪಾತ ಒಂದೇ. ಡಾಕ್ಟರನ್ನ ಕೇಳಿ ಕೊಡು. ಮಾತ್ರೆಯಲ್ಲಿ ಮಾತ್ರ ಹೀಗೆ ಮಾಡ್ಬೇಡ. 375 ಎರಡು ಸೇರಿದ್ರೆ 625 ಆಗಲ್ಲ. 375ರಲ್ಲಿ 250ಕ್ಕೆ 125 ಕ್ಲಾವುಲನೇಟ್, 625ರಲ್ಲಿ 500ಕ್ಕೆ ಅದೇ 125. ಎರಡು 375 ನುಂಗಿದ್ರೆ ಕ್ಲಾವುಲನೇಟ್ ಎರಡರಷ್ಟು, ಹೊಟ್ಟೆ ಕೆಡುತ್ತೆ.

ಶಿರಾ: ಡಾಕ್ಟರು ಫೋನ್ ತೆಗೀತಿಲ್ಲ. 228.5 ಎರಡೇ ಕೊಡ್ತೀನಿ. 30 ಎಂ.ಎಲ್. ನೀರು ಅಳೆದು ಹಾಕ್ಲಾ?

ಗುಬ್ಬಿ: ಬೇಡ! ಬಾಟಲಿ ತಟ್ಟಿ ಪುಡಿ ಸಡಿಲ ಮಾಡು. ಕುದಿಸಿ ಆರಿಸಿದ ನೀರು ಅರ್ಧ ಹಾಕಿ ಚೆನ್ನಾಗಿ ಅಲ್ಲಾಡಿಸು. ನೊರೆ ಇಳಿದ ಮೇಲೆ ಗುರುತಿನವರೆಗೆ ತುಂಬಿಸು, ಮತ್ತೆ ಅಲ್ಲಾಡಿಸು. ಗುರುತು ಇರೋದು ನೀರು ಮತ್ತು ಪುಡಿ ಸೇರಿ 30ಕ್ಕೆ. ಪುಡಿಯೇ 4 ಎಂ.ಎಲ್. ಜಾಗ ಹಿಡಿಯುತ್ತೆ ಅನ್ಕೋ. ನೀನು 30 ನೀರು ಸುರಿದ್ರೆ 34 ಆಗುತ್ತೆ, 5 ಎಂ.ಎಲ್.ಗೆ 200 ಬರೋ ಕಡೆ 176 ಬರುತ್ತೆ. ಬಿಸಿ ನೀರಂತೂ ಬೇಡವೇ ಬೇಡ, ಕ್ಲಾವುಲನೇಟ್ ಹಾಳಾಗುತ್ತೆ. ಫ್ರಿಜ್‌ನಲ್ಲಿ ಇಡಬೇಕು, 7 ದಿನ ಆದ್ಮೇಲೆ ಚೆಲ್ಲಬೇಕು ಅಂತ ತಾರೀಕು ಹಾಕಿ ಬರಿ. ಪ್ರತಿ ಸಲ ಅಲ್ಲಾಡಿಸಿ ಕೊಡೋಕೆ ಹೇಳು.

ಶಿರಾ: ಎರಡಕ್ಕೂ ಹಾಕಿ ಕೊಡ್ತೀನಿ.

ಗುಬ್ಬಿ: ಎರಡನೇದಕ್ಕೆ ಈಗ ನೀರು ಹಾಕ್ಬೇಡ. ಮೊದಲನೇದು ಎರಡೂವರೆ ದಿನ ಬರುತ್ತೆ. ಮುಗಿದ ಮೇಲೆ ಬಾಟಲಿ ತಗೊಂಡು ಅಂಗಡಿಗೆ ಬರೋಕೆ ಹೇಳು, ಅವತ್ತು ನೀನೇ ಬೆರೆಸಿ ಕೊಡು.

ಶಿರಾ: ಸರಿ ಅಕ್ಕ. ಬುಧವಾರ ಬರೋಕೆ ಹೇಳಿದೆ.

ಮಧುಗಿರಿ: ಇವತ್ತು ಬೆಳಿಗ್ಗೆ ಶುರು ಮಾಡಿದ್ರೆ ಮಂಗಳವಾರ ಬೆಳಿಗ್ಗೆಗೇ ಮುಗಿಯುತ್ತೆ. ಮಂಗಳವಾರ ಸಂಜೆಯ ಡೋಸ್‌ಗೆ ಮುಂಚೆ ಅನ್ನು.

ಶಿರಾ: ಹೌದಲ್ಲ. ಇನ್ನೂ ಮೆಟ್ಟಿಲ ಹತ್ರ ಇದಾರೆ, ಕೂಗಿ ಹೇಳ್ತೀನಿ.