ಕೊಟ್ಟಿಗೆ ಮಾಡಿನ ಪೈಪ್ ನೆತ್ತಿಯಲ್ಲಿ ಕೂರುತ್ತಿಲ್ಲ, ಕೋನ ಸರಿಯಾಗೇ ಇದೆ!

ಶಿರಸಿ_ಹುಡುಗ: ತಲೆ ಕೆಟ್ಟು ಹೋಗಿದೆ. ಕೊಟ್ಟಿಗೆ ಅಗಲ 20 ಅಡಿ, ಮಾಡಿನ ಎತ್ತರ 6 ಅಡಿ. 6 ಭಾಗಿಸು 20, ಶಿಫ್ಟ್ ಟ್ಯಾನ್ ಒತ್ತಿದೆ, 16.7 ಡಿಗ್ರಿ ಬಂತು. ಕಟಿಂಗ್ ಮಷಿನ್‌ನಲ್ಲಿ ಅದನ್ನೇ ಇಟ್ಟು ಕತ್ತರಿಸಿದರೆ ನೆತ್ತಿಯಲ್ಲಿ ಮೇಲುಗಡೆ ಬಾಯಿ ಬಿಡುತ್ತದೆ. ನಾಳೆ ವೆಲ್ಡರ್ ಬರುತ್ತಾರೆ.

ಗುಂಡಿಗಪ್ಪ: ರೇಡಿಯನ್ ಸಮಸ್ಯೆ, ಅದು ಡಿಗ್ರಿ ಥರ ಕೋನದ ಇನ್ನೊಂದು ಅಳತೆ. ಕ್ಯಾಲ್ಕುಲೇಟರ್ ಪರದೆ ಮೇಲೆ ಡಿಗ್ರಿಯ ಡಿ ಇದೆಯಾ, ರೇಡಿಯನ್‌ನ ಆರ್ ಇದೆಯಾ?

ಶಿರಸಿ_ಹುಡುಗ: ಡಿ.

ಗುಂಡಿಗಪ್ಪ: ಆದರೂ ಒಮ್ಮೆ ರೀಸೆಟ್ ಮಾಡಿ. ಎಕ್ಸೆಲ್ ಕೂಡ ರೇಡಿಯನ್‌ನಲ್ಲೇ ಕೊಡುತ್ತದೆ, 57.3ರಿಂದ ಗುಣಿಸಬೇಕು.

ಹಳೇ_ಮೇಷ್ಟ್ರು: ರೇಡಿಯನ್ ಆಗಿದ್ದರೆ 0.29 ಬರುತ್ತಿತ್ತು. ಬಿಡಿ ಸ್ವಾಮಿ ಅದನ್ನ.

ಕಿಡಿ_ವೆಲ್ಡಿಂಗ್: ಟ್ಯಾನ್ ಯಾಕೆ? ಓರೆ ಪೈಪ್ ಅಂದಮೇಲೆ ಸೈನ್.

ಹಳೇ_ಮೇಷ್ಟ್ರು: ಯಾವ ಎರಡು ಬಾಹು ಗೊತ್ತಿವೆಯೋ ಅದರ ಮೇಲೆ ಹೋಗುತ್ತದೆ. ಅಭಿಮುಖ ಬಾಹು (ಕೋನದ ಎದುರಿನದು, ಇಲ್ಲಿ ಎತ್ತರ), ಪಾರ್ಶ್ವ ಬಾಹು (ಕೋನದ ಪಕ್ಕದ ಪಾದ) ಗೊತ್ತಿದ್ದರೆ ಟ್ಯಾನ್. ಅಭಿಮುಖ ಬಾಹು, ವಿಕರ್ಣ (ಲಂಬ ಕೋನದ ಎದುರಿನದು, ಇಲ್ಲಿ ಓರೆ ಪೈಪ್) ಇದ್ದರೆ ಸೈನ್. ಪೈಪ್ ಉದ್ದ ಎಷ್ಟು?

ಶಿರಸಿ_ಹುಡುಗ: 11 ಅಡಿ 8 ಇಂಚು. ಎರಡು ಕಡೆಯದೂ.

ಹಳೇ_ಮೇಷ್ಟ್ರು: ಎರಡು ಕಡೆ ಇಳಿಜಾರಾ! ಅದನ್ನ ಮೊದಲೇ ಹೇಳಬಾರದಾ? ವಿಕರ್ಣವೇ ಅತಿ ಉದ್ದದ ಬಾಹು. 20 ಅಡಿ ಪಾದಕ್ಕೆ 11 ಅಡಿ ಚಿಲ್ಲರೆ ವಿಕರ್ಣ ಹೇಗೆ ಬರುತ್ತದೆ? ಲಂಬ ಕೋನ ಇರೋದು ನಡುಗಂಬದ ಬುಡದಲ್ಲಿ, ಹಾಗಾಗಿ ಪಾದ 10 ಅಡಿ. 6 ಭಾಗಿಸು 10, ಸುಮಾರು 31 ಡಿಗ್ರಿ. ಸೈನ್‌ನಲ್ಲೂ ನೋಡಿ: 6 ಭಾಗಿಸು 11.66, ಅದೇ 31.

ಶಿರಸಿ_ಹುಡುಗ: ಕೊಟ್ಟಿಗೆ ಅಂದರೆ ಎರಡು ಕಡೆನೇ ಅಲ್ವಾ? ನಮ್ಮೂರಲ್ಲಿ ಎಲ್ಲರದ್ದೂ ಹಾಗೇ.

ಕಿಡಿ_ವೆಲ್ಡಿಂಗ್: ನಮ್ಮದು ಒಂದೇ ಕಡೆ, ಜಿಂಕ್ ಶೀಟ್. ಲೆಕ್ಕನೇ ಬೇಡ, ಡಿಜಿಟಲ್ ಆ್ಯಂಗಲ್ ಮೀಟರ್ ಅಯಸ್ಕಾಂತದಲ್ಲಿ ಅಂಟಿಸಿದರೆ ಆಯ್ತು. ಹೊಸ ಮಷಿನ್‌ಗೂ ಲೇಸರ್ ಇದೆ, ಫೋಟೋ ಹಾಕ್ತೀನಿ.

ಗುಂಡಿಗಪ್ಪ: ಮಲೆನಾಡಿನ ಮಳೆಗೆ ಶೀಟ್ ಸದ್ದು ತಡೆಯೋಕಾಗುತ್ತಾ? ಹೆಂಚೇ ಸರಿ. ದನಕ್ಕೂ ತಂಪು.

ಕಿಡಿ_ವೆಲ್ಡಿಂಗ್: ಹೆಂಚಿನ ಮೇಲೆ ಮಂಗ ಕುಣಿದಾಗ ಬನ್ನಿ, ಮಾತಾಡೋಣ.

ಶಿರಸಿ_ಹುಡುಗ: ಕತ್ತರಿಸಿದ ಪೈಪ್ ಗುಜರಿಗಾ?

ಹಳೇ_ಮೇಷ್ಟ್ರು: ಬೇಡ. ಎಷ್ಟು ಇಂಚಿನ ಪೈಪ್?

ಶಿರಸಿ_ಹುಡುಗ: 2 ಇಂಚು ಚೌಕ.

ಹಳೇ_ಮೇಷ್ಟ್ರು: ಮೇಲಿನ ಮೂಲೆ ಮುಟ್ಟಬೇಡಿ. ಅಲ್ಲಿಂದಲೇ 31 ಡಿಗ್ರಿಗೆ ಮತ್ತೆ ಕತ್ತರಿಸಿ. ಕೆಳಗಿನ ಅಂಚಿನಲ್ಲಿ 0.6 ಇಂಚು ಹೋಗುತ್ತದೆ ಅಷ್ಟೇ. ಒಂದು ಜೊತೆ ಕೂರಿಸಿ ನೋಡಿ, ಆಮೇಲೆ ಉಳಿದದ್ದು.

ಗುಂಡಿಗಪ್ಪ: ಅದಕ್ಕೂ ಮೊದಲು ರೀಸೆಟ್ ಮಾಡಿದ್ರಾ?